ನೈವೇದ್ಯಕ್ಕೆ ಮುಂಚೆ

ಶ್ರೀರಂಗಪಟ್ಟಣದ ಕೋಟೆಯೊಳಗಿನ ಆ ಬೀದಿಯಲ್ಲಿ ಪೂಜೆ ಎಂದರೆ ಶ್ರೀನಿವಾಸಮೂರ್ತಿಗಳ ಮನೆಯ ಪೂಜೆ. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದಷ್ಟು ಕಾಲ ದೇವರಿಗೂ ಬೆಲ್ಲು ಹೊಡೆಯುವುದರೊಳಗೆ ಮುಗಿದುಹೋಗುವ ಪೂಜೆಯೇ ಗತಿಯಾಗಿತ್ತು. ಭಾನುವಾರ ಮಾತ್ರ ಸಾವಕಾಶ. ನಿವೃತ್ತರಾದ ಮೇಲೆ ವಾರವೆಲ್ಲ ಭಾನುವಾರವಾಯಿತು. ಸಾಲಿಗ್ರಾಮದ ಅಭಿಷೇಕಕ್ಕೆ ಒಂದೊಂದೇ ಸ್ತೋತ್ರ ಸೇರುತ್ತ ಹೋಯಿತು, ಅಷ್ಟೋತ್ತರವಿದ್ದದ್ದು ಸಹಸ್ರನಾಮವಾಯಿತು. ಬೆಳಗಿನ ತಿಂಡಿಯ ಹೊತ್ತಿಗೆ ದೇವರಮನೆ ಹೊಕ್ಕವರು ಹೊರಗೆ ಬರುವಷ್ಟರಲ್ಲಿ ಬಿಸಿಲು ಅಂಗಳ ದಾಟಿ ಎದುರು ಮನೆಯ ಗೋಡೆ ಏರಿರುತ್ತಿತ್ತು.

ಗುರುವಾರ ಸಂಜೆ ಮಠದಲ್ಲಿ ಅವರದೇ ಉಪನ್ಯಾಸ. ವಿಷಯ ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ತಾಳ್ಮೆಯ ಹತ್ತಿರ. "ಕಾಯಬೇಕು. ಅವನು ಕೊಡೋವರೆಗೂ ಕಾಯಬೇಕು. ಕಾಯೋದೇ ಭಕ್ತಿ" ಎಂದು ಅವರು ಕಣ್ಣು ಮುಚ್ಚಿ ಹೇಳಿದರೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೂರ್ತಿಗಳಿಗೆ ತಮ್ಮ ತಾಳ್ಮೆಯ ಬಗ್ಗೆ ಒಳಗೊಳಗೇ ಒಂದು ಸಂತೋಷವಿತ್ತು. ಅದನ್ನು ಅಹಂಕಾರ ಅಂತ ಯಾರಾದರೂ ಅಂದಿದ್ದರೆ ಅವರು ನಿಜವಾಗಿ ನೊಂದುಕೊಳ್ಳುತ್ತಿದ್ದರು.

ಆದರೆ ಆ ಮನೆಯಲ್ಲಿ ಕಾಯುತ್ತಿದ್ದವರೇ ಬೇರೆ. ಹೆಂಡತಿ ಇಂದಿರಮ್ಮ ಬೆಳಗಿನ ಜಾವ ಎದ್ದು, ಹಿತ್ತಲ ಬಾವಿಯಲ್ಲಿ ನೀರು ಸೇದಿ ತಲೆಗೆ ಸುರಿದುಕೊಂಡು, ಮಡಿಸೀರೆ ಉಟ್ಟು ಅಡುಗೆಮನೆ ಹೊಕ್ಕರೆ ಅನ್ನ, ತೊವ್ವೆ, ಪಲ್ಯ, ಸಾರು ಎಲ್ಲ ಮಾಡಿ ಮುಚ್ಚಿಟ್ಟು ಒಲೆಯ ಪಕ್ಕ ನಿಲ್ಲುತ್ತಿದ್ದರು. ಸಾಕಾದರೆ ಮಣೆಯ ಮೇಲೆ ಕೂರುತ್ತಿದ್ದರು. ನೈವೇದ್ಯದ ಘಂಟೆಯಾಗುವವರೆಗೆ ಮಡಿಯಲ್ಲಿದ್ದವರು ಬಾಯಿಗೆ ಏನೂ ಹಾಕುವಂತಿಲ್ಲ. ಘಂಟೆಯಾದ ಮೇಲೂ ಮೊದಲು ಗಂಡನಿಗೆ ಬಡಿಸಬೇಕು, ಆಮೇಲೆ ತಮ್ಮ ಎಲೆ. ಮಗ ಸುಶಮೀಂದ್ರ ಮೈಸೂರಿನ ಆಫೀಸಿಗೆ, ಸೊಸೆ ಅರ್ಚನ ಸ್ಕೂಲಿಗೆ ಹೋಗುವವರು. ಅವರಿಬ್ಬರಿಗೆ ಹಿಂದಿನ ಪಡಸಾಲೆಯಲ್ಲಿ ಬೇರೆ ಗ್ಯಾಸ್ ಒಲೆಯಿತ್ತು. ಅಲ್ಲಿ ಅರ್ಚನ ಉಪ್ಪಿಟ್ಟೋ ಚಿತ್ರಾನ್ನವೋ ಮಾಡಿ ಗಂಡನಿಗೆ ಕೊಟ್ಟು, ತಾನೂ ತಿಂದು ಹೊರಡುತ್ತಿದ್ದಳು. ಒಗ್ಗರಣೆಯ ವಾಸನೆ ಮಾತ್ರ ಮಡಿ ಮೈಲಿಗೆ ನೋಡದೆ ನೇರ ಅಡುಗೆಮನೆಗೆ ಬರುತ್ತಿತ್ತು.

ಒಂದೇ ಒಂದು ಸಲ, ಮೂರ್ತಿಗಳು ನಿವೃತ್ತರಾದ ವರ್ಷ, ಇಂದಿರಮ್ಮ ಕೇಳಿದ್ದರು.

"ಇಲ್ಲಿ ಕೇಳಿದ್ರಾ? ಪೂಜೆ ಈಗ ತಡವಾಗುತ್ತಲ್ಲ. ನಾನು ಬೆಳಿಗ್ಗೆ ಒಂದು ಲೋಟ ಹಾಲು ಕುಡೀಲಾ?"

ಮೂರ್ತಿಗಳು ಗಂಧ ತೇಯುತ್ತಿದ್ದವರು ಕತ್ತೆತ್ತಿ, ನಗುತ್ತಲೇ ಅಂದಿದ್ದರು: "ದೇವರಿಗಿಂತ ಮುಂಚೆಯಾ?"

"ಇಲ್ಲ, ಸುಮ್ನೆ ಕೇಳ್ದೆ" ಎಂದು ಇಂದಿರಮ್ಮ ಒಳಗೆ ಹೋಗಿದ್ದರು. ಮತ್ತೆ ಕೇಳಲಿಲ್ಲ. ಮೂರ್ತಿಗಳಿಗೆ ಆ ಮಾತು ಮರೆತೂಹೋಯಿತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಶನಿವಾರ. ಅರ್ಚನಳಿಗೆ ರಜೆ. ದೇವರಮನೆಯಲ್ಲಿ ಸಹಸ್ರನಾಮ ಅರ್ಧಕ್ಕೆ ಬಂದಿತ್ತು. ಅಡುಗೆಮನೆಯಲ್ಲಿ ಕಂಚಿನ ತಪ್ಪಲೆ ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು.

"ಏನೇ ಅದು? ನೈವೇದ್ಯದ ಅನ್ನ ಚೆಲ್ತಾ?" ಎಂದು ಮೂರ್ತಿಗಳು ಕೂತಲ್ಲಿಂದಲೇ ಕೂಗಿದರು.

ಪಡಸಾಲೆಯಿಂದ ಅರ್ಚನ ಓಡಿದ ಹೆಜ್ಜೆ ಕೇಳಿಸಿತು.

"ಮಾವ, ಬನ್ನಿ! ಅತ್ತೆ ಬಿದ್ಬಿಟ್ಟಿದಾರೆ!"

"ನೀನು ಒಳಗೆ ಹೋದ್ಯಾ? ನಿಂದು ಸ್ನಾನ ಆಗಿತ್ತೇನಮ್ಮಾ?"

ಮೂರ್ತಿಗಳು ಎದ್ದು ಬಂದು ಹೊಸ್ತಿಲಲ್ಲಿ ನಿಂತರು. ಅನ್ನ ನೆಲದ ತುಂಬ ಚೆಲ್ಲಿತ್ತು. ಇಂದಿರಮ್ಮ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು, ಮೆಲ್ಲಗೆ ಕಣ್ಣು ಬಿಟ್ಟು ಗಂಡನನ್ನು ನೋಡಿದರು.

"ಅವಳನ್ನ ಬೈಬೇಡಿ. ಕಣ್ಣು ಕತ್ತಲೆ ಬಂತು ಅಷ್ಟೇ. ಇನ್ನೊಂದು ಸಲ ಸ್ನಾನ ಮಾಡಿ ಅನ್ನಕ್ಕಿಡ್ತೀನಿ."

"ಬೇಡ ಅತ್ತೆ" ಅಂದಳು ಅರ್ಚನ.

ಬೇಡ ಅನ್ನಬೇಕಾಗಿದ್ದವರು ಅನ್ನಲಿಲ್ಲ. "ನಿಧಾನವಾಗಿ ಮಾಡು, ಅವಸರ ಇಲ್ಲ" ಎಂದರು. ತಾವು ತುಂಬ ಉದಾರವಾಗಿ ನಡೆದುಕೊಂಡೆವೆಂದೇ ಅವರಿಗೆ ಆಗ ಅನ್ನಿಸಿತ್ತು. ಇಂದಿರಮ್ಮ ಗೋಡೆ ಹಿಡಿದುಕೊಂಡು ಬಾವಿಯ ಕಡೆ ಹೋದರು. ಅರ್ಚನ ಹಿಂದೆಯೇ ಹೋಗಿ, ತಾನು ಮುಟ್ಟಬಾರದ ಹಗ್ಗವನ್ನು ಮುಟ್ಟಿ ನೀರು ಸೇದಿಕೊಟ್ಟಳು. ಅಂದು ಆ ಮನೆಯಲ್ಲಿ ಊಟವಾದಾಗ ಅಕ್ಕಪಕ್ಕದ ಮಕ್ಕಳು ಸಂಜೆಯ ಆಟಕ್ಕೆ ಬೀದಿಗೆ ಬಂದಿದ್ದರು.

ಮಾರನೆಯ ಸಂಜೆ ಕಾಫಿಯ ಹೊತ್ತಿಗೆ ಸುಶಮೀಂದ್ರ ಮಾತು ತೆಗೆದ. ಅವನು ಅಪ್ಪನ ಮುಂದೆ ಮಾತಾಡುವ ಪೈಕಿ ಅಲ್ಲ.

"ಅಪ್ಪ, ಅಮ್ಮನ್ನ ಡಾಕ್ಟರಿಗೆ ತೋರಿಸ್ಕೊಂಡ್ ಬಂದ್ವಿ. ಹೊತ್ತಿಗೆ ಸರಿಯಾಗಿ ತಿನ್ನಲೇಬೇಕಂತೆ. ಇಷ್ಟು ಹೊತ್ತು ಹೊಟ್ಟೆ ಖಾಲಿ ಬಿಡಬಾರದಂತೆ."

"ಇಷ್ಟು ವರ್ಷ ನಡೀಲಿಲ್ವೇನೋ? ನಡೆಸಿದೋನು ಅವನು. ಮುಂದೂ ನಡೆಸ್ತಾನೆ. ನಂಬಿಕೆ ಇರಬೇಕು."

"ನಂಬಿಕೆ ಇರಲಿ ಮಾವ, ಬೇಡ ಅನ್ನಲ್ಲ" ಎಂದಳು ಅರ್ಚನ. "ಆದ್ರೆ ಹಸ್ಕೊಂಡಿರೋರು ಅತ್ತೆ."

"ನಾನೇನು ಹೊಟ್ಟೆ ತುಂಬಿಸ್ಕೊಂಡು ಪೂಜೆಗೆ ಕೂರ್ತೀನೇನಮ್ಮ?"

"ನೀವು ಕೂತಿರ್ತೀರಿ ಮಾವ. ಅವರು ನಿಂತಿರ್ತಾರೆ."

ಮೂರ್ತಿಗಳ ಮುಖ ಕೆಂಪಾಯಿತು. ಒಳಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಹುಡುಗರನ್ನು ಎಬ್ಬಿಸಿ ನಿಲ್ಲಿಸಿ ಕೇಳುವಂತೆ ಕೇಳಿದರು: "ಇಂದಿರಾ, ನಿನಗೇನಾದ್ರೂ ಕಷ್ಟ ಇದ್ಯೇನೇ? ಇದ್ರೆ ಹೇಳಿಬಿಡು, ಇವರ ಮುಂದೇನೇ."

"ನಂಗೇನಿದೆ ಕಷ್ಟ? ನೀವು ಕಾಫಿ ಕುಡೀರಿ, ಆರುತ್ತೆ."

"ಕೇಳಿಸ್ತಾ?" ಎಂದು ಮೂರ್ತಿಗಳು ಲೋಟ ಎತ್ತಿಕೊಂಡರು. ಗೆದ್ದವರ ಕಾಫಿ ಅದು, ಚೆನ್ನಾಗಿಯೇ ಇತ್ತು.

ಆದರೆ ಪಾಂಡವಪುರದಲ್ಲಿದ್ದ ಮಗಳು ಅಪರ್ಣ ಅಷ್ಟಕ್ಕೆ ಬಗ್ಗುವವಳಲ್ಲ. ಅತ್ತಿಗೆಯ ಫೋನು ಹೋದ ಎರಡೇ ದಿನಕ್ಕೆ ಬಂದು ಇಳಿದಳು. ಬಂದವಳು ನೀರೂ ಕುಡಿಯದೆ ಅಮ್ಮನ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು.

"ಯಾರನ್ನ ಕೇಳಿ ಇದೆಲ್ಲ?" ಎಂದರು ಮೂರ್ತಿಗಳು.

"ಕೇಳ್ತಿಲ್ಲ ಅಪ್ಪ, ಕರ್ಕೊಂಡ್ ಹೋಗ್ತಿದೀನಿ. ಸ್ವಲ್ಪ ದಿನ ನನ್ನ ಹತ್ರ ಇರಲಿ."

"ದೇವರ ಕೆಲಸ?"

"ದೇವರು ನಿಮ್ಮೋರಲ್ವಾ? ನೀವು ಮಾಡಿ."

ಇಂದಿರಮ್ಮ ಇಬ್ಬರ ನಡುವೆ ನಿಂತು, ಹೂಬತ್ತಿ ಯಾವ ಡಬ್ಬದಲ್ಲಿದೆ, ಮಡಿಬಟ್ಟೆ ಯಾವ ಗಳುವಿನ ಮೇಲೆ ಹಾಕಬೇಕು, ಅನ್ನಕ್ಕೆ ಎಷ್ಟು ನೀರು ಎಂದು ಗಂಡನಿಗೆ ಹೇಳುತ್ತಲೇ ಇದ್ದರು. ಮೂರ್ತಿಗಳು ಬೀದಿ ನೋಡುತ್ತ ನಿಂತರು. "ಹೋಗಿ ಬಾ. ಯಾರಿಲ್ಲದಿದ್ರೂ ಅವನ ಪೂಜೆ ನಿಲ್ಲಲ್ಲ" ಎಂದರೇ ಹೊರತು ಹೆಂಡತಿಯ ಮುಖ ನೋಡಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಇಂದಿರಮ್ಮ ಹಿಂದಕ್ಕೆ ತಿರುಗಿ ನೋಡುತ್ತಿದ್ದರೆಂದು ಅರ್ಚನ ಆಮೇಲೆ ಹೇಳಿದಳು.

ಪೂಜೆ ನಿಲ್ಲಲಿಲ್ಲ ನಿಜ. ಆದರೆ ಬಾವಿಯಲ್ಲಿ ನೀರು ಸೇದಿದ ಮೊದಲ ದಿನವೇ ಮೂರ್ತಿಗಳ ಸೊಂಟ ಹಿಡಿದುಕೊಂಡಿತು. ಅನ್ನ ಒಂದು ದಿನ ಗಂಜಿಯಾಯಿತು, ಇನ್ನೊಂದು ದಿನ ತಳ ಹಿಡಿಯಿತು. ಒಲೆ ಹಚ್ಚಿಟ್ಟು ದೇವರ ಮುಂದೆ ಕೂತರೆ ಮನಸ್ಸೆಲ್ಲ ಸಾರಿನ ಮೇಲೆ. ಸಹಸ್ರನಾಮ ಮತ್ತೆ ಅಷ್ಟೋತ್ತರಕ್ಕೆ ಇಳಿಯಿತು, ಸ್ತೋತ್ರಗಳು ಒಂದೊಂದಾಗಿ ರಜೆ ಹಾಕಿದವು. ಸಾಲಿಗ್ರಾಮ ಇದ್ದಲ್ಲೇ ಇತ್ತು, ಏನೂ ಅನ್ನಲಿಲ್ಲ.

ಬಾಬುರಾಯನಕೊಪ್ಪಲಿನಿಂದ ದಿನಾ ಹೂವು ತುಳಸಿ ತರುವ ಚಲುವಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿದಳು.

"ಏನ್ ಸಾಮಿ, ಅಮ್ಮಾವ್ರು ಕಾಣಾಕಿಲ್ವಲ್ಲ?"

"ಮಗಳ ಮನೆಗೆ ಹೋಗಿದಾಳೆ."

"ಓಗ್ಲಿ ಬುಡಿ, ಒಸಿ ದಣಿವಾರಿಸ್ಕಳ್ಳಿ. ಯಾವಾಗ ಬತ್ತಾರೆ?"

"ಬರ್ತಾಳೆ" ಎಂದರು ಮೂರ್ತಿಗಳು. ಯಾವಾಗ ಎಂದು ಅವರೂ ಕೇಳಿರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ನೀರು ಸೇದಿ, ಅಡುಗೆಮನೆ ಸಾರಿಸಿ, ಬೇಳೆ ತೊಳೆದಿಟ್ಟಾಗ ಮೂರ್ತಿಗಳ ಹೊಟ್ಟೆಯಲ್ಲಿ ಸಂಕಟ ಎದ್ದಿತು. ಕೂತು ಪೂಜೆ ಮಾಡುವಾಗಿನ ಹಸಿವಿಗೂ ನಿಂತು ದುಡಿಯುವಾಗಿನ ಹಸಿವಿಗೂ ಇಷ್ಟು ವ್ಯತ್ಯಾಸ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮೂಲೆಯಲ್ಲಿ ಪುಟ್ಟಬಾಳೆಯ ಚಿಪ್ಪಿತ್ತು. ಹಣ್ಣಿಗೇನು ದೋಷ, ಬೇಯಿಸಿದ್ದಲ್ಲವಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಒಂದು ಸುಲಿದು ಬಾಯಿಗಿಟ್ಟರು. ಅಷ್ಟರಲ್ಲಿ ಅರ್ಚನ ಟಿಫಿನ್ ಡಬ್ಬಿಗೆಂದು ಬಾಗಿಲಿಗೆ ಬಂದಳು. ಮೂರ್ತಿಗಳು ಗೋಡೆಯ ಕಡೆ ತಿರುಗಿ, ಸಿಪ್ಪೆಯನ್ನು ಪಂಚೆಯ ಮಡಿಕೆಗೆ ಸೇರಿಸಿ, ಬಾಯಲ್ಲಿದ್ದದ್ದನ್ನು ಅಗಿಯದೆ ನುಂಗಿದರು.

"ಏನಾದ್ರೂ ಬೇಕಿತ್ತಾ ಮಾವ?"

ಅವರು ಬೇಡವೆಂದು ತಲೆಯಾಡಿಸಿದರು. ಅವಳು ಹೋದ ಮೇಲೆ, ಎಷ್ಟೋ ವರ್ಷದ ಹಿಂದಿನ ಆ ಒಂದು ಲೋಟ ಹಾಲು ಎಲ್ಲಿತ್ತೋ ಏನೋ, ನೆನಪಿಗೆ ಬಂತು. ತಮಗೆ ತೀರ್ಪು ಕೊಟ್ಟುಕೊಳ್ಳಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಹೆಂಡತಿಗೆ ಮಾತ್ರ ನಗುತ್ತ ಬಾಗಿಲು ಹಾಕಿದ್ದರು. ಅವರು ಮಣೆಯ ಮೇಲೆ ಕೂತರು. ಇಂದಿರಮ್ಮ ಕೂರುತ್ತಿದ್ದ ಮಣೆ. ಅಲ್ಲಿಂದ ದೇವರಮನೆ ಕಾಣುತ್ತಿರಲಿಲ್ಲ, ಮಂತ್ರವೂ ಸರಿಯಾಗಿ ಕೇಳಿಸುವಂತಿರಲಿಲ್ಲ. ಘಂಟೆಯೊಂದು ಕೇಳಿಸಬಹುದು, ಅಷ್ಟೇ.

ಮಾರನೆಯ ದಿನವೂ ಹಣ್ಣು ತಿಂದರು. ಅದರ ಮಾರನೆಯ ದಿನವೂ. ಗುರುವಾರ ಮಠದಿಂದ ಫೋನು ಬಂದಾಗ ಗಂಟಲು ಸರಿಯಿಲ್ಲವೆಂದು ಹೇಳಿದರು. ಶುಕ್ರವಾರ ಬೆಳಿಗ್ಗೆ ಚುಟುಕಾಗಿ ಪೂಜೆ ಮುಗಿಸಿ, ಒಂದು ಚಿಪ್ಪು ಪುಟ್ಟಬಾಳೆ ಚೀಲದಲ್ಲಿಟ್ಟುಕೊಂಡು ಪಾಂಡವಪುರದ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಪಕ್ಕ ಬಂದು ಕೂತವನು ಚಿಕ್ಕಸ್ವಾಮಿ, ಅವರ ಹಳೆಯ ಶಿಷ್ಯ. ಈಗ ಕಬ್ಬು ಬೆಳೆದುಕೊಂಡು, ಹಸು ಕಟ್ಟಿಕೊಂಡು ಇದ್ದಾನೆ.

"ಮೇಷ್ಟ್ರೆ! ಎತ್ಲಾಗ್ ಒಂಟ್ರಿ?"

"ಮಗಳ ಮನೆಗೆ ಕಣೋ. ನಮ್ಮ ಮನೆಯೋರು ಅಲ್ಲಿದಾರೆ."

"ಚೆಂದಾಗವ್ರಾ ಅವ್ವಾರು? ನಾವ್ ಭಾನ್ವಾರ ಲೆಕ್ಕ ಏಳಿಸ್ಕಳಾಕ್ ಬತ್ತಿದ್ವಲ್ಲ, ನೀವು ಪೂಜೆಗ್ ಕುಂತಿರೋರಿ. ಅವ್ವಾರು ನಮ್ಗೆ ಅವಲಕ್ಕಿ ಕಲಸ್ಕೊಡೋರು. ನಿಮ್ದಾಯ್ತಾ ಅವ್ವಾ ಅಂತ ಕೇಳುದ್ರೆ, ಓ ಆಗ್ಲೇ ಆಯ್ತು ಕಣ್ರಪ್ಪಾ ಅನ್ನೋರು. ಅಂತಾ ತಾಯಿ ಕನಿ."

ಮೂರ್ತಿಗಳು ಕಿಟಕಿಯ ಕಡೆ ನೋಡಿದರು. ಕಬ್ಬು ಹೇರಿಕೊಂಡ ಟ್ರಾಕ್ಟರೊಂದು ಬಸ್ಸಿಗೆ ದಾರಿ ಬಿಡದೆ ಮುಂದೆ ಹೋಗುತ್ತಿತ್ತು. ಆಗಲೂ ಆಗಿರಲಿಲ್ಲ ಕಣೋ ಅವಳದ್ದು, ಎಂದು ಹೇಳಬೇಕೆನ್ನಿಸಿತು. ಹೇಳಲು ನಾಚಿಕೆಯಾಯಿತು.

ಅಪರ್ಣಳ ಮನೆಯ ಬಾಗಿಲು ತೆಗೆದೇ ಇತ್ತು. ಒಳಗಿನಿಂದ ನಗು ಕೇಳಿಸಿತು. ಯಾರೋ ಪಕ್ಕದ ಮನೆಯ ಹೆಂಗಸು ಬಂದಿರಬೇಕು ಅಂದುಕೊಂಡರು ಮೂರ್ತಿಗಳು. ಚಪ್ಪಲಿ ಬಿಟ್ಟು ಹಜಾರ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದಾಗ, ನಕ್ಕದ್ದು ತಮ್ಮ ಹೆಂಡತಿಯೇ ಎಂದು ತಿಳಿಯಿತು. ಇಂದಿರಮ್ಮ ಸ್ಟೂಲಿನ ಮೇಲೆ ಕೂತು ದೋಸೆ ತಿನ್ನುತ್ತಿದ್ದರು. ಅಪರ್ಣ ಕಾವಲಿಯಿಂದ ಇನ್ನೊಂದು ಎತ್ತಿ ತಟ್ಟೆಗೆ ಹಾಕುತ್ತಿದ್ದಳು, "ಸಾಕು ಕಣೇ, ಹೊಟ್ಟೆ ಒಡೆಯುತ್ತೆ" ಎಂದು ಇಂದಿರಮ್ಮ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಆಗ ಕತ್ತೆತ್ತಿ ಗಂಡನನ್ನು ಕಂಡರು.

ನಗು ಅಲ್ಲೇ ನಿಂತಿತು. ಇಂದಿರಮ್ಮ ದಡಕ್ಕನೆ ಎದ್ದು ತಟ್ಟೆಯನ್ನು ಗ್ಯಾಸ್ ಸಿಲಿಂಡರಿನ ಹಿಂದೆ ತಳ್ಳಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಬಾಯಲ್ಲಿದ್ದ ತುತ್ತು ಇಳಿಯದೆ ಕೆನ್ನೆ ಉಬ್ಬಿತ್ತು.

"ಬಂದ್ರಾ? ನಾನು... ಉಪ್ಪು ಸರಿಯಾಗಿದ್ಯಾ ಅಂತ ನೋಡ್ತಿದ್ದೆ."

ತಿನ್ನು ಅನ್ನಬೇಕು ಎಂದು ಮೂರ್ತಿಗಳ ಮನಸ್ಸಿನಲ್ಲಿತ್ತು. ಆದರೆ ನಾಲಿಗೆಗೆ ಅಭ್ಯಾಸವಾಗಿದ್ದ ಮಾತೇ ಬೇರೆ.

"ಸ್ನಾನ ಆಯ್ತಾ ನಿಂದು?" ಎಂದುಬಿಟ್ಟರು.

ಇಂದಿರಮ್ಮನಿಗೆ ನೆತ್ತಿ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅಪರ್ಣ ನೀರು ಕೊಟ್ಟು, ಬೆನ್ನು ಸವರಿ, ಅಪ್ಪನ ಕಡೆ ತಿರುಗಿದಳು.

"ಬಂದಾಗಿಂದ ಬಾಗಿಲು ಹಾಕ್ಕೊಂಡೇ ತಿಂತಿದ್ಲು ಅಪ್ಪ. ನೀವೆಲ್ಲಿ ಬಂದ್ಬಿಡ್ತೀರೋ ಅಂತ. ಊರಿಂದ ಇಷ್ಟು ದೂರ ಯಾಕಮ್ಮ ಬರ್ತಾರೆ ಅಂತ ದಿನಾ ಹೇಳಿ ಹೇಳಿ, ಇವತ್ತು ಮೊದಲನೇ ಸಲ ಬಾಗಿಲು ತೆಗೆದಿಟ್ಟಿದ್ದು. ಇವತ್ತೇ ಬಂದ್ರಿ."

"ಸುಮ್ನಿರೇ" ಎಂದರು ಇಂದಿರಮ್ಮ.

"ಯಾಕ್ ಸುಮ್ನಿರ್ಲಿ? ಕದ್ದು ತಿನ್ನೋರ ಹಾಗೆ ತಿಂತಾಳೆ ನಮ್ಮಮ್ಮ, ನನ್ನ ಮನೇಲಿ!"

ಮೂರ್ತಿಗಳು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದು ಹೆಂಡತಿಯ ಮುಂದಿಟ್ಟರು.

"ಇಂದಿರಾ, ನಾನೂ ತಿಂದೆ ಕಣೇ. ಪೂಜೆಗೆ ಮುಂಚೆ. ದಿನಾ ತಿಂತಿದೀನಿ. ಅರ್ಚನ ಬಂದ್ರೆ ಸಿಪ್ಪೆ ಬಚ್ಚಿಟ್ಕೋತೀನಿ."

ಬೈಯಲಿ ಎಂದೇ ಅವರು ಅದನ್ನು ಹೇಳಿದ್ದು. ನನಗೊಂದು ಲೋಟ ಹಾಲಿಗೆ ದೇವರನ್ನ ಅಡ್ಡ ತಂದ್ರಲ್ಲ ಎಂದು ಕೇಳಲಿ, ಮಗಳ ಮುಂದೆಯೇ ಕೇಳಲಿ ಎಂದು ತಲೆ ತಗ್ಗಿಸಿ ಕಾದರು. ಇಂದಿರಮ್ಮ ಹತ್ತಿರ ಬಂದು ಕೂತು, ಗಂಡನ ಮುಖ ನೋಡಿ, "ಪಾಪ, ಎಷ್ಟು ಇಳಿದುಹೋಗಿದೀರಿ. ವಯಸ್ಸಾಯ್ತಲ್ಲ, ಹಸಿವಾಗುತ್ತೆ ನಿಮಗೆ. ತಿಂದ್ರೆ ಏನಾಯ್ತು?" ಎಂದರು.

ಮೂರ್ತಿಗಳಿಗೆ ಅಳು ಬಂತು. ಮಗಳಿದ್ದಾಳೆ ಎನ್ನುವುದನ್ನೂ ನೋಡದೆ ಅತ್ತರು. ತಾಳ್ಮೆಯ ಬಗ್ಗೆ ಅಷ್ಟು ಗುರುವಾರ ಮಾತಾಡಿದ್ದೆನಲ್ಲ, ಅದೇ ತಾಳ್ಮೆ ಅಡುಗೆಮನೆಯಲ್ಲಿ ನಿಂತಿದ್ದಾಗ ನಾನು ಒಂದು ದಿನವೂ ತಿರುಗಿ ನೋಡಲಿಲ್ಲವಲ್ಲ ಎಂದುಕೊಂಡರು.

"ನಂದು ತಪ್ಪಾಯ್ತು ಕಣೇ."

"ಬಿಡಿ, ಅದೆಲ್ಲ ಯಾಕೀಗ? ಏಳಿ, ಕೈಕಾಲು ತೊಳ್ಕೊಳ್ಳಿ. ಒಂದು ದೋಸೆ ತಿನ್ನಿ" ಎಂದು ಇಂದಿರಮ್ಮ ಎದ್ದರು. ಅವರಿಗೆ ಬಡಿಸಿದರು. ಸಿಲಿಂಡರಿನ ಹಿಂದಿದ್ದ ತಮ್ಮ ತಟ್ಟೆಯನ್ನು ಮಾತ್ರ, ಗಂಡ ಕೈತೊಳೆಯಲು ಹೋದಾಗ ಮೆಲ್ಲಗೆ ತೆಗೆದು ತೊಳೆದಿಟ್ಟರು.

ಯುಗಾದಿಗೆ ಮುಂಚೆ ಇಂದಿರಮ್ಮ ಮನೆಗೆ ಬಂದರು. ಮೂರ್ತಿಗಳು ಆಗಲೇ ಎಲ್ಲ ಬದಲಾಯಿಸಿದ್ದರು. ಮಠದ ಉಪನ್ಯಾಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆ ಬೇಗ ಎದ್ದು, ನೀರು ತಾವೇ ಸೇದಿ, ದೇವರಿಗೆ ಹಾಲು ಹಣ್ಣು ಒಪ್ಪಿಸಿ, ಬೀದಿಯಲ್ಲಿ ಹಾಲಿನವನ ಸೈಕಲ್ ಓಡಾಡುವ ಹೊತ್ತಿಗೇ ಪೂಜೆ ಮುಗಿಸುತ್ತಿದ್ದರು. ಅರ್ಚನ ಈಗ ಒಳಗಿನ ಒಲೆಯ ಮೇಲೇ ತಿಂಡಿ ಮಾಡುತ್ತಿದ್ದಳು. ಮೊದಲ ದಿನ ಅವಳು ಹೊಸ್ತಿಲಲ್ಲಿ ಅನುಮಾನಿಸಿ ನಿಂತಾಗ ಮಾವನೇ "ಬಾಮ್ಮ, ಒಳಗೆ ಬಾ" ಎಂದಿದ್ದರು.

"ಇಂದಿರಾ, ಬಾ. ನೀನು ಮೊದಲು ತಿನ್ನು" ಎಂದು ಮೂರ್ತಿಗಳು ತಾವೇ ತಟ್ಟೆ ಹಾಕಿದರು.

ಇಂದಿರಮ್ಮ ಕೂತರು. ಉಪ್ಪಿಟ್ಟನ್ನು ಬೆರಳಿನಿಂದ ಅತ್ತ ಇತ್ತ ಮಾಡಿದರು. ಎತ್ತಿದ ತುತ್ತು ಬಾಯಿಯವರೆಗೆ ಹೋಗಿ ತಟ್ಟೆಗೇ ಇಳಿಯಿತು.

"ನೀವು ತಿನ್ನಿ, ನಾನು ಆಮೇಲೆ..."

"ಈಗಲೇ ತಿನ್ನೇ. ನಾನು ಹೇಳ್ತಿದೀನಲ್ಲ?"

"ಹೂಂ, ತಿಂತೀನಿ" ಅಂದರು. ತಿನ್ನಲಿಲ್ಲ. ಅವರ ಕಣ್ಣು ಮತ್ತೆ ಮತ್ತೆ ಗಂಡನ ಕಡೆ ಹೋಗಿ ತಗ್ಗುತ್ತಿತ್ತು. ಸುಶಮೀಂದ್ರ ಹೇಳಿ ನೋಡಿದ. ಅರ್ಚನ ಪಕ್ಕದಲ್ಲೇ ಕೂತು ತಿಂದು ತೋರಿಸಿದಳು. "ಆಗ್ತಾ ಇಲ್ಲಮ್ಮ, ಅವರು ಕೂತಿದ್ರೆ ಗಂಟಲಲ್ಲಿ ಇಳಿಯಲ್ಲ. ಅವರೇನೂ ಅನ್ನಲ್ಲ ಅಂತ ಗೊತ್ತು. ಆದ್ರೂ ಇಳಿಯಲ್ಲ" ಎಂದು ಇಂದಿರಮ್ಮ ಸೊಸೆಯ ಹತ್ತಿರ ಪಿಸುಗುಟ್ಟಿದ್ದು ಮೂರ್ತಿಗಳ ಕಿವಿಗೂ ಬಿತ್ತು.

ಮಾರನೆಯ ದಿನದಿಂದ ಅವರು ತಟ್ಟೆ ಹಾಕಿಟ್ಟು, ಎದ್ದು ಹೊರಗೆ ಬಂದು, ಬೀದಿಯ ಜಗಲಿಯ ಮೇಲೆ ಮನೆಗೆ ಬೆನ್ನು ಮಾಡಿ ಕೂರತೊಡಗಿದರು. ಒಳಗೆ ತಟ್ಟೆ ತೊಳೆಯುವ ಸದ್ದಾಗುವವರೆಗೆ ಏಳುವಂತಿಲ್ಲ. ಒಂದೊಂದು ದಿನ ಬೇಗ ಆಗುತ್ತಿತ್ತು, ಒಂದೊಂದು ದಿನ ಆಗುತ್ತಲೇ ಇರಲಿಲ್ಲ. ಬಾಯಲ್ಲಿ ಮಂತ್ರವಿಲ್ಲ, ಕೈಯಲ್ಲಿ ಜಪಮಣಿಯಿಲ್ಲ. ಅವಳು ಇನ್ನೊಂದು ತುತ್ತು ತಿನ್ನಲಿ, ಇದಿಷ್ಟನ್ನು ನಡೆಸಿಕೊಡು ಎಂದಷ್ಟೇ ಅವರು ಈಗ ದೇವರನ್ನು ಕೇಳುವುದು.

"ಏನ್ ಸಾಮಿ, ಇಸ್ಟ್ ಬೇಗ ಪೂಜೆ ಆಗೋಯ್ತಾ?" ಎಂದಳು ಒಂದು ದಿನ ಚಲುವಮ್ಮ, ಬುಟ್ಟಿ ಇಳಿಸುತ್ತ.

"ಇನ್ನೂ ಆಗಿಲ್ಲಮ್ಮ" ಎಂದು ಮೂರ್ತಿಗಳು ಪಿಸುದನಿಯಲ್ಲಿ ಹೇಳಿದರು.

ಅವಳು ಹೋದಳು. ಒಳಗಿನಿಂದ ತಟ್ಟೆಗೆ ಲೋಟ ತಾಗಿದ ಸದ್ದು, ಇನ್ನಷ್ಟು ಬಡಿಸಿಕೊಂಡ ಸೌಟಿನ ಸದ್ದು ಬಂತು. ಮೂರ್ತಿಗಳಿಗೆ ಎದೆ ತುಂಬಿತು. ಅಷ್ಟರಲ್ಲಿ ಹೂವಿನ ಘಾಟಿಗೋ ಏನೋ, ತಡೆಯಲು ಹೋದರೂ ಕೆಮ್ಮು ಬಂದುಬಿಟ್ಟಿತು.

ಒಳಗೆ ಸದ್ದು ನಿಂತಿತು.

ಅವರು ಉಸಿರು ಹಿಡಿದು ಕಾದರು. ಏನೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ ಎದ್ದು, ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಬೀದಿಯ ತುದಿಯವರೆಗೂ ನಡೆದುಹೋಗಿ ಅಲ್ಲಿ ನಿಂತರು.